ಆ ಇಪ್ಪತ್ತು ಪ್ರಮಾಣಪತ್ರಗಳಿಗೆ ಸೀಲ್ ಒತ್ತಿದವನು ನಾನೇ

ಇವರಿಗೆ,
ಮಾನ್ಯ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಸಚಿವರು,
ಹಾಗೂ ಆಯುಕ್ತರು, ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಐಟಿಐ ವಿದ್ಯಾರ್ಥಿಗಳ ಕಾರ್ಖಾನೆ ತರಬೇತಿ ಕಾಗದದಲ್ಲೇ ಮುಗಿದುಹೋಗುತ್ತಿರುವ ಬಗ್ಗೆ.

ಮಾನ್ಯರೇ,

ದೂರು ಹೇಳುವ ಮುನ್ನ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕಳೆದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ ಐಟಿಐ ಒಂದರ ಬೋಧಕರು ಬೆಂಗಳೂರಿನ ಪೀಣ್ಯದಲ್ಲಿರುವ ನನ್ನ ಮೆಷಿನ್ ಶಾಪಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಇಪ್ಪತ್ತು ಪ್ರಮಾಣಪತ್ರ. ಒಂದೊಂದರಲ್ಲೂ ಒಬ್ಬೊಬ್ಬ ಹುಡುಗನ ಹೆಸರು, ಅದರ ಕೆಳಗೆ ‘ನಮ್ಮ ಸಂಸ್ಥೆಯಲ್ಲಿ 150 ಗಂಟೆಗಳ ತರಬೇತಿಯನ್ನು ತೃಪ್ತಿಕರವಾಗಿ ಪೂರೈಸಿರುತ್ತಾರೆ’ ಎಂಬ ಒಕ್ಕಣೆ. ಆ ಇಪ್ಪತ್ತು ಜನರಲ್ಲಿ ಒಬ್ಬನೂ ನನ್ನ ಶಾಪಿನ ಹೊಸ್ತಿಲು ತುಳಿದಿರಲಿಲ್ಲ. ‘ಸರ್, ಒಂದು ಸೀಲ್ ಹಾಕಿಕೊಟ್ಟರೆ ದೊಡ್ಡ ಉಪಕಾರ. ನಾಳೆಯೇ ಕೊನೆಯ ದಿನ’ ಎಂದರು. ಅವರಿಗೆ ಚಹಾ ತರಿಸಿದೆ. ಚಹಾ ಆರುವುದರೊಳಗೆ ಇಪ್ಪತ್ತಕ್ಕೂ ಸೀಲ್ ಬಿದ್ದಿತ್ತು.

ಅವರೇನೂ ಕೆಟ್ಟ ಮನುಷ್ಯರಲ್ಲ. ಅತಿಥಿ ಬೋಧಕರು. ಹತ್ತಾರು ಶಾಪುಗಳ ಬಾಗಿಲು ತಟ್ಟಿ, ‘ಹುಡುಗರನ್ನು ಬಿಟ್ಟುಕೊಂಡು ನಮಗೇನು ಲಾಭ, ಕೈಗೆ ಪೆಟ್ಟಾದರೆ ಯಾರು ಜವಾಬ್ದಾರಿ’ ಎಂದು ಎಲ್ಲರಿಂದಲೂ ಕೇಳಿಸಿಕೊಂಡು, ಕೊನೆಗೆ ಹಳೆಯ ಪರಿಚಯದ ಮೇಲೆ ನನ್ನಲ್ಲಿಗೆ ಬಂದಿದ್ದರು. ನಾನು ಕೂಡ ಹುಡುಗರನ್ನು ಕಳಿಸಿ ಎನ್ನಲಿಲ್ಲ. ಆ ವಾರ ಡೆಲಿವರಿ ತಲೆಯ ಮೇಲಿತ್ತು, ಸೀಲ್ ಹಾಕುವುದೇ ಸುಲಭವಾಗಿ ಕಂಡಿತು.

ನನ್ನ ಪರಿಚಯ ಹೇಳುವುದಾದರೆ, ಪೀಣ್ಯ ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿ ನನ್ನದು ಸಣ್ಣ ಮೆಷಿನ್ ಶಾಪ್. ಮೂರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಟರ್ನಿಂಗ್ ಸೆಂಟರ್, ಒಂದು ಹಳೆಯ ಲೇತ್, ಒಂದು ಮಿಲ್ಲಿಂಗ್ ಮೆಷಿನ್, ನನ್ನನ್ನೂ ಸೇರಿಸಿ ಹದಿನಾಲ್ಕು ಜನ. ನಾನೂ ಐಟಿಐ ಟರ್ನರ್, ಲೇತ್ ಕೆಲಸ ಕಲಿತವನು. 1994ರಲ್ಲಿ ಪಾಸಾಗಿ, ದೊಡ್ಡ ಸಾರ್ವಜನಿಕ ಉದ್ದಿಮೆಯೊಂದರಲ್ಲಿ ಅಪ್ರೆಂಟಿಸ್ ಆಗಿ ಕೈ ಪಳಗಿಸಿಕೊಂಡವನು. ಹಾಗಾಗಿ ಐಟಿಐ ಬಗ್ಗೆ ನನಗಿರುವುದು ತವರಿನ ಮೇಲಿರುವಂಥ ಅಭಿಮಾನ. ಈ ಪತ್ರದಲ್ಲಿ ಮುನಿಸೂ ಕಂಡರೆ ಅದೂ ಅಲ್ಲಿಂದಲೇ ಬಂದದ್ದು.

ಆ ಸೀಲಿನ ಬೆಲೆ ನನಗೆ ತಿಳಿದದ್ದು ಕೆಲವು ತಿಂಗಳ ನಂತರ. ಹೊಸದಾಗಿ ಸೇರಿದ್ದ ಹುಡುಗನೊಬ್ಬ, ಐಟಿಐ ಮುಗಿಸಿದವನು, ಒಳ್ಳೆಯ ಅಂಕ ಪಡೆದವನು, ಒಂದು ಬುಷ್‌ನ (ಕೊಳವೆಯಂಥ ಬಿಡಿಭಾಗ) ಬೋರ್, ಅಂದರೆ ಒಳರಂಧ್ರ, ಹೊಡೆಯುತ್ತಿದ್ದ. ಡ್ರಾಯಿಂಗಿನಲ್ಲಿ 25 ಎಚ್7. ಅಂದರೆ ಬೋರ್ 25 ಮಿಲಿಮೀಟರಿಗಿಂತ ಕಡಿಮೆ ಇರಬಾರದು, 25.021ನ್ನು ದಾಟಬಾರದು. ಇಪ್ಪತ್ತೊಂದು ಮೈಕ್ರಾನಿನ ಆ ಸಂದಿಯೊಳಗೆ ನಮ್ಮ ಬದುಕು. ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ಅಲಗು, ಸವೆಯುತ್ತಾ ಬಂದಂತೆ ಬೋರ್ ಚಿಕ್ಕದಾಗುತ್ತದೆ, ಆಗ ಆಫ್‌ಸೆಟ್‌ನಲ್ಲಿ, ಅಂದರೆ ಮೆಷಿನ್ನಿಗೆ ಕೊಡುವ ತಿದ್ದುಪಡಿ ಅಂಕಿಯಲ್ಲಿ, ಚೂರು ಕೂಡಿಸಬೇಕು. ಅವನು 0.01 ಒತ್ತಬೇಕಾದಲ್ಲಿ 0.1 ಒತ್ತಿದ. ಒಂದು ಸೊನ್ನೆ ಬಿಟ್ಟುಹೋಯಿತು, ಅಷ್ಟೇ. ಆಫ್‌ಸೆಟ್ ಬದಲಾಯಿಸಿದ ಮೇಲೆ ಬರುವ ಮೊದಲ ಪೀಸನ್ನು ಗೇಜ್ ಹಾಕಿ ನೋಡಬೇಕು, ನೋಡಲಿಲ್ಲ. ಮೂರನೆಯದಕ್ಕೆ ಪ್ಲಗ್ ಗೇಜ್ ಹಾಕಿದಾಗ ಒಳಗೆ ಹೋಗಲೇಬಾರದ ನೋ-ಗೋ ತುದಿ ಸಲೀಸಾಗಿ ಒಳಗೆ ಹೋಯಿತು. ಅವನು ಆಫ್‌ಸೆಟ್ ಸರಿಪಡಿಸಿದ. ಹಾಳಾದ ಮೂರನ್ನು ಕ್ರೇಟಿನ ತಳಕ್ಕೆ ತಳ್ಳಿ ಮೇಲೆ ಒಳ್ಳೆಯ ಪೀಸುಗಳನ್ನು ಜೋಡಿಸಿದ.

ಗ್ರಾಹಕರ ತಪಾಸಣೆಯಲ್ಲಿ ಆ ಮೂರರಲ್ಲೊಂದು ಸಿಕ್ಕಿತು. ನಾಲ್ಕು ನೂರು ಪೀಸಿನ ಲಾಟ್ ಪೂರ್ತಿ ಕೆಂಪು ಚೀಟಿ ಅಂಟಿಸಿಕೊಂಡು ಟೆಂಪೋದಲ್ಲಿ ವಾಪಸು ಬಂತು. ಇಬ್ಬರು ಎರಡು ದಿನ ಕೂತು ಒಂದೊಂದಕ್ಕೂ ಗೇಜ್ ಹಾಕಿ ಉಳಿದೆರಡನ್ನು ಹೆಕ್ಕಿದರು.

ಹುಡುಗನನ್ನು ಕರೆದು ಕೂರಿಸಿ, ಮೂರು ಪೀಸ್ ಹೋದದ್ದಕ್ಕೆ ನನಗೆ ಬೇಸರವಿಲ್ಲ, ಯಾಕೆ ಮುಚ್ಚಿಟ್ಟೆ ಎಂದು ಕೇಳಿದೆ. ಬಹಳ ಹೊತ್ತು ನೆಲ ನೋಡುತ್ತಿದ್ದ. ಆಮೇಲೆ ಹೇಳಿದ: ‘ಹೋದ ತಿಂಗಳು ಒಂದು ಪೀಸ್ ಹಾಳಾದಾಗ ಬಂದು ಹೇಳಿದ್ದೆ ಸರ್. ಸಂಬಳದಲ್ಲಿ ಹಿಡಿದುಕೊಂಡಿರಿ.’

ಅದು ನಿಜ. ಸ್ಕ್ರ್ಯಾಪ್ ಆದರೆ ಸಂಬಳದಲ್ಲಿ ಹಿಡಿಯುವುದು ನಮ್ಮ ಶಾಪಿನ ಹಳೆಯ ರೂಢಿ. ಯಾರು ಶುರು ಮಾಡಿದರೋ, ಯಾರೂ ಪ್ರಶ್ನಿಸಿರಲಿಲ್ಲ. ನೇಮಕಾತಿ ಮಾಡುವಾಗ ನಾವೆಲ್ಲ ಪ್ರಾಮಾಣಿಕತೆ ಬೇಕು, ಜವಾಬ್ದಾರಿ ಬೇಕು ಎಂದು ರಾಗ ಎಳೆಯುತ್ತೇವೆ. ಪ್ರಾಮಾಣಿಕವಾಗಿ ಬಂದು ಹೇಳಿದವನಿಗೆ ದಂಡ, ಮುಚ್ಚಿಟ್ಟು ಸಿಕ್ಕಿಬೀಳದವನಿಗೆ ಪೂರ್ತಿ ಸಂಬಳ. ಈ ಪಾಠವನ್ನು ಅವನಿಗೆ ಕಲಿಸಿದ್ದು ಐಟಿಐ ಅಲ್ಲ, ನಾನು. ಆ ರೂಢಿಯನ್ನು ಅಂದೇ ನಿಲ್ಲಿಸಿದೆ. ಹುಡುಗ ಈಗಲೂ ನನ್ನಲ್ಲೇ ಇದ್ದಾನೆ.

ಇಷ್ಟು ಹೇಳಿದ್ದರಿಂದ, ನನ್ನ ದೂರು ಹುಡುಗರ ಮೇಲಲ್ಲ ಎಂಬುದು ತಮಗೆ ಸ್ಪಷ್ಟವಾಗಿರಬಹುದು. ‘ಈಗಿನ ಹುಡುಗರಿಗೆ ಶ್ರದ್ಧೆಯೇ ಇಲ್ಲ’ ಎಂಬ ಮಾತು ಪೀಣ್ಯದ ಚಹಾ ಅಂಗಡಿಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ. ಕಡಿಮೆ ಸಂಬಳಕ್ಕೆ ಹೆಚ್ಚು ನಿಷ್ಠೆ ಬಯಸುವ ನಮ್ಮಂಥ ಮಾಲೀಕರ ಬಾಯಲ್ಲಿ ಆ ಮಾತಿಗೆ ಅಷ್ಟೇನೂ ತೂಕವಿಲ್ಲ. ನನ್ನ ದೂರು ಬೇರೆ: ಶ್ರದ್ಧೆ, ಜವಾಬ್ದಾರಿ, ಹೊಂದಾಣಿಕೆ ಎಂದು ನಾವು ಕರೆಯುವ ಗುಣಗಳು ಎಲ್ಲಿ ಬೆಳೆಯಬೇಕೋ ಆ ಜಾಗಕ್ಕೆ ಹುಡುಗರು ಬರುವುದನ್ನೇ ನಮ್ಮ ವ್ಯವಸ್ಥೆ ತಪ್ಪಿಸುತ್ತಿದೆ.

2022ರಲ್ಲಿ ಪರಿಷ್ಕರಿಸಿದ ಐಟಿಐ ಪಠ್ಯಕ್ರಮದಲ್ಲಿ ಮೊದಲ ವರ್ಷದ 1200 ಗಂಟೆಗಳಲ್ಲಿ 840 ಗಂಟೆ ಪ್ರಾಯೋಗಿಕ, 240 ಗಂಟೆ ಥಿಯರಿ, 120 ಗಂಟೆ ‘ಉದ್ಯೋಗಾರ್ಹತಾ ಕೌಶಲ’. ಇದರ ಜೊತೆಗೆ ವರ್ಷಕ್ಕೆ 150 ಗಂಟೆ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ ಕಲಿಯುವುದು ಕಡ್ಡಾಯ; ಹತ್ತಿರದಲ್ಲಿ ಕಾರ್ಖಾನೆ ಇಲ್ಲದಿದ್ದರೆ ಗುಂಪು ಪ್ರಾಜೆಕ್ಟ್. ಬರೆದವರು ತಿಳಿದೇ ಬರೆದಿದ್ದಾರೆ. ಹಾಳಾಗಿರುವುದು ನಡೆಸುವ ಬಗೆ.

ಉದ್ಯೋಗಾರ್ಹತೆಯ ಆ 120 ಗಂಟೆಗಳನ್ನೇ ನೋಡಿ. ಸಂದರ್ಶನಕ್ಕೆ ಬಂದ ಹುಡುಗನೊಬ್ಬನ ನೋಟ್ಸ್ ಪುಸ್ತಕ ತಿರುವಿ ಹಾಕಿದೆ. ದುಂಡಗಿನ ಅಕ್ಷರ. ‘ತಂಡದ ಕೆಲಸ ಎಂದರೇನು? ಅದರ ಐದು ಪ್ರಯೋಜನಗಳು.’ ‘ಸಮಯ ನಿರ್ವಹಣೆಯ ಮಹತ್ವ.’ ಬೋಧಕರು ಹೇಳಿಬರೆಸಿದ್ದು, ಇವನು ಬರೆದುಕೊಂಡದ್ದು. ವರ್ಷದ ಕೊನೆಗೆ ಕಂಪ್ಯೂಟರ್ ಮುಂದೆ ಕೂತು ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಿದರೆ ಮುಗಿಯಿತು. ‘ನಿನ್ನಿಂದ ಪೀಸ್ ಹಾಳಾದರೆ ಏನು ಮಾಡುತ್ತೀಯ’ ಎಂದು ಕೇಳಿ, ನಾಲ್ಕು ಆಯ್ಕೆಗಳಲ್ಲಿ ‘ಮೇಲ್ವಿಚಾರಕರಿಗೆ ತಿಳಿಸುತ್ತೇನೆ’ ಎಂದು ಒಂದನ್ನು ಕೊಟ್ಟರೆ ಅದನ್ನು ಗುರುತಿಸದವರು ಯಾರು? ನನ್ನ ಹುಡುಗನೂ ಅದನ್ನೇ ಗುರುತಿಸುತ್ತಿದ್ದ. ಕ್ರೇಟಿನ ಮುಂದೆ ನಿಂತಾಗ ಆಯ್ಕೆಗಳನ್ನು ಯಾರೂ ಅಚ್ಚು ಹಾಕಿ ಕೊಡುವುದಿಲ್ಲ.

ಸಂದರ್ಶನದಲ್ಲಿ ನಾನು ಪ್ರಶ್ನೆ ಕೇಳುವುದು ಕಡಿಮೆ. ಒಂದು ಡ್ರಾಯಿಂಗ್, ಒಂದು ಪೀಸ್, ಒಂದು ವರ್ನಿಯರ್ ಕೊಟ್ಟು ಅಳತೆ ತೆಗೆ ಎನ್ನುತ್ತೇನೆ. ವರ್ನಿಯರಿನ ಕನಿಷ್ಠ ಅಳತೆ 0.02 ಮಿಲಿಮೀಟರ್ ಎಂದು ಎಲ್ಲರೂ ಪಟಪಟನೆ ಹೇಳುತ್ತಾರೆ. ಆದರೆ ಅಳೆಯುವ ಮುನ್ನ ಅದರ ದವಡೆಗಳನ್ನು ಒರೆಸಿ, ಎರಡನ್ನೂ ಕೂಡಿಸಿ ಸೊನ್ನೆ ಸರಿಯಾಗಿದೆಯೇ ಎಂದು ನೋಡುವವರು ಹತ್ತರಲ್ಲಿ ಇಬ್ಬರು ಸಿಕ್ಕರೆ ಹೆಚ್ಚು. ಒಂದು ಸಲ ಬಂದ ಹುಡುಗಿಯೊಬ್ಬಳು ಬೆಂಚಿನ ಮೇಲಿದ್ದ ಕಾಟನ್ ವೇಸ್ಟ್ ತೆಗೆದು ಮೊದಲು ಪೀಸಿನ ಆಯಿಲ್ ಒರೆಸಿದಳು, ಆಮೇಲೆ ದವಡೆ ಒರೆಸಿದಳು, ಬೆಳಕಿಗೆ ಹಿಡಿದು ಸೊನ್ನೆ ನೋಡಿದಳು. ಅಂಚಿನಲ್ಲಿ ಬರ್ (ಲೋಹದ ಸಣ್ಣ ಮುಳ್ಳು) ಇದೆ, ತೆಗೆದು ಅಳೆಯಲೇ ಸರ್ ಎಂದು ಕೇಳಿದಳು. ನಾನು ಬೇರೇನೂ ಕೇಳದೆ ಸೋಮವಾರದಿಂದ ಬಾಮ್ಮ ಎಂದೆ. ಎಲ್ಲಿ ಕಲಿತೆ ಎಂದರೆ, ರಜೆಯಲ್ಲಿ ಚಿಕ್ಕಪ್ಪನ ಲೇತ್ ಅಂಗಡಿಯಲ್ಲಿ ಕೂರುತ್ತಿದ್ದೆ ಎಂದಳು. ಎಲ್ಲ ಮಕ್ಕಳಿಗೂ ಲೇತ್ ಇಟ್ಟುಕೊಂಡ ಚಿಕ್ಕಪ್ಪ ಇರುವುದಿಲ್ಲವಲ್ಲ, ಮಾನ್ಯರೇ. ಆ ಚಿಕ್ಕಪ್ಪನ ಜಾಗವನ್ನು ತುಂಬಲೆಂದೇ 150 ಗಂಟೆ ಇಟ್ಟದ್ದು.

ಇನ್ನೊಂದು ಮಾತು. ಸಂವಹನ ಕೌಶಲ ಎಂದರೆ ಇಂಗ್ಲಿಷ್ ಎಂದು ಹುಡುಗರ ತಲೆಯಲ್ಲಿ ಯಾರೋ ಗಟ್ಟಿಯಾಗಿ ಕೂರಿಸಿಬಿಟ್ಟಿದ್ದಾರೆ. ರಾಯಚೂರು, ಯಾದಗಿರಿ, ಪಾವಗಡ ಕಡೆಯಿಂದ ಬಂದ ಮಕ್ಕಳು ಕಂಠಪಾಠ ಮಾಡಿದ ನಾಲ್ಕು ಸಾಲಿನ ‘ಮೈಸೆಲ್ಫ್’ ಒಪ್ಪಿಸಿ ಬೆವರೊರೆಸಿಕೊಳ್ಳುವುದನ್ನು ನೋಡಿದರೆ ಕರುಳು ಚುರ್ ಎನ್ನುತ್ತದೆ. ಮುಂದೆ ಪ್ರೋಗ್ರಾಮ್ ಬರೆಯಲು, ಗ್ರಾಹಕರ ಜೊತೆ ವ್ಯವಹರಿಸಲು ಇಂಗ್ಲಿಷ್ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಶಾಪಿನಲ್ಲಿ ಮೊದಲು ಬೇಕಾದ ಸಂವಹನ ಶಿಫ್ಟ್ ಬದಲಾಗುವ ಹೊತ್ತಿಗೆ ಪುಸ್ತಕದಲ್ಲಿ ಎರಡು ಸಾಲು ಬರೆದಿಟ್ಟು ಹೋಗುವುದು: ‘ನಾಲ್ಕನೇ ಟೂಲಿನ ಇನ್ಸರ್ಟ್ ಬದಲಾಯಿಸಿದ್ದೇನೆ. ಮೊದಲ ಪೀಸ್ ನೋಡಿಕೊಂಡು ಮುಂದುವರಿಸಿ.’ ಇದನ್ನು ಕನ್ನಡದಲ್ಲಿ ಅಚ್ಚುಕಟ್ಟಾಗಿ ಬರೆಯಬಲ್ಲವನು ನನಗೆ ಸಾಕು. ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡಕ್ಕೆ ನೂರಕ್ಕೆ ತೊಂಬತ್ತು ತೆಗೆದವನಿಗೂ ಈ ಎರಡು ಸಾಲು ಹೊಳೆಯುವುದಿಲ್ಲ, ಏಕೆಂದರೆ ತನ್ನ ನಂತರ ಇನ್ನೊಬ್ಬ ಅದೇ ಮೆಷಿನ್ನಿನ ಮುಂದೆ ನಿಲ್ಲುತ್ತಾನೆ ಎಂಬ ಅನುಭವವೇ ಅವನಿಗಿಲ್ಲ.

ಸರ್ಕಾರ ಖರ್ಚು ಮಾಡುತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು 4,700 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳನ್ನಾಗಿ ಮಾಡಿ, 2022ರ ಜೂನ್‌ನಲ್ಲಿ ಪ್ರಧಾನಿಯವರು ಬೆಂಗಳೂರಿನಲ್ಲಿ ಲೋಕಾರ್ಪಣೆ ಮಾಡಿದರು. ಅಂಥ ಒಂದು ಕೇಂದ್ರಕ್ಕೆ ನಾನು ಹೋಗಿ ನೋಡಿದ್ದೇನೆ. ನನ್ನ ಶಾಪಿನಲ್ಲಿ ಇಲ್ಲದ ಮೆಷಿನ್‌ಗಳು ಅಲ್ಲಿವೆ, ನಿಜಕ್ಕೂ ಹೊಟ್ಟೆಕಿಚ್ಚಾಯಿತು. ಆದರೆ ಎಂಥ ದುಬಾರಿ ಮೆಷಿನ್ ತಂದಿಟ್ಟರೂ, ನಾಳೆ ಬೆಳಿಗ್ಗೆ ಟೆಂಪೋ ಬಂದು ನಿಲ್ಲುತ್ತದೆ, ಅಷ್ಟರಲ್ಲಿ ಲಾಟ್ ಮುಗಿಯಬೇಕು ಎಂಬ ಒತ್ತಡವನ್ನು ತರಗತಿಯೊಳಗೆ ತಂದಿಡಲಾಗದು. ಆ ಒತ್ತಡದಲ್ಲಿ ಮೊದಲ ಪೀಸ್ ನೋಡುವ ಅಭ್ಯಾಸವನ್ನು ಬಿಡದಿರುವುದೇ ಕಲಿಯಬೇಕಾದ ವಿದ್ಯೆ.

ಇದು ಆಗದ ಮಾತೇನಲ್ಲ, ತಮ್ಮ ಸರ್ಕಾರದ ಅಡಿಯಲ್ಲೇ ಮಾದರಿ ಇದೆ. 1972ರಲ್ಲಿ ಡೆನ್ಮಾರ್ಕ್ ನೆರವಿನೊಂದಿಗೆ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ನಾವೆಲ್ಲ ಜಿಟಿಟಿಸಿ ಎನ್ನುವುದು, ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡುವವರು ಮೂರು ವರ್ಷ ಓದಿ ನಾಲ್ಕನೆಯ ವರ್ಷ ಪೂರ್ತಿ ಕಾರ್ಖಾನೆಯಲ್ಲಿ ದುಡಿಯಬೇಕು. ಅಲ್ಲಿಂದ ಬಂದವರಿಗೆ ಜಾಬ್ ಕಾರ್ಡ್ (ಕೆಲಸದ ವಿವರದ ಚೀಟಿ) ಎಂದರೇನು ಎಂದು ಹೇಳಿಕೊಡುವ ಕೆಲಸವಿಲ್ಲ. ಹಿಂದೆ ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್‌ಗಳಲ್ಲಿ ಅಪ್ರೆಂಟಿಸ್ ಆಗಿ ಪಳಗಿದವರು ಹೊರಬಂದು ಪೀಣ್ಯದಲ್ಲಿ ಎಷ್ಟೋ ಶಾಪುಗಳನ್ನು ಕಟ್ಟಿದರು. ನನ್ನ ಮೇಸ್ತ್ರಿ ಹಾಗೆ ಬಂದವರು. ಸಂಜೆ ಮೆಷಿನ್ ಒರೆಸದೆ ಹೊರಟರೆ ಗೇಟಿನಿಂದ ವಾಪಸು ಕರೆಸುತ್ತಿದ್ದರು. ಅಂಥ ಗರಡಿಗಳು ಈಗ ವಿರಳ. ಆ ಭಾರವೆಲ್ಲ ನಮ್ಮಂಥ ಸಣ್ಣ ಶಾಪುಗಳ ಮೇಲೆ ಬಿದ್ದಿದೆ, ನಾವೋ ಸೀಲ್ ಒತ್ತಿ ಜಾರಿಕೊಳ್ಳುತ್ತಿದ್ದೇವೆ.

ಈಗ ನನ್ನ ಕೋರಿಕೆಗಳು.

ಎಲ್ಲಕ್ಕಿಂತ ಮೊದಲು, ಬರೀ ಸೀಲ್ ಇರುವ ಪ್ರಮಾಣಪತ್ರವನ್ನು ಒಪ್ಪಿಕೊಳ್ಳುವುದನ್ನು ನಿಲ್ಲಿಸಿ. ಅದರ ಬದಲು ವಿದ್ಯಾರ್ಥಿ ತನ್ನ ಕೈಬರಹದಲ್ಲಿ ಬರೆದ ದಿನಚರಿ ಕೇಳಿ. ಇವತ್ತು ಯಾವ ಪೀಸ್, ಯಾವ ಅಳತೆ, ಏನು ತಪ್ಪಾಯಿತು, ಯಾರಿಗೆ ಹೇಳಿದೆ. ‘ಏನು ತಪ್ಪಾಯಿತು’ ಎಂಬ ಕಾಲಂ ಹತ್ತೊಂಬತ್ತು ದಿನವೂ ಖಾಲಿ ಇದ್ದರೆ ಅವನು ಶಾಪಿಗೆ ಬಂದೇ ಇಲ್ಲ ಎಂದು ತಿಳಿಯಬಹುದು. ಎಂಟು ಗಂಟೆಯ ಲೆಕ್ಕದಲ್ಲಿ 150 ಗಂಟೆ ಎಂದರೆ ಹತ್ತೊಂಬತ್ತು ದಿನವೂ ಆಗುವುದಿಲ್ಲ. ಅಷ್ಟರಲ್ಲಿ ಬೋಧಕರು ಮೂರು ಸಲ ಬಂದು ನೋಡಿದರೂ ಸಾಕು. ಆದರೆ ಆ ಓಡಾಟವನ್ನು ಕರ್ತವ್ಯವೆಂದು ಪರಿಗಣಿಸಿ ಪ್ರಯಾಣ ಭತ್ಯೆ ಕೊಡಬೇಕು. ಅತಿಥಿ ಬೋಧಕರು ಸ್ವಂತ ಪೆಟ್ರೋಲ್ ಹಾಕಿಕೊಂಡು ಪೀಣ್ಯ ಸುತ್ತಲಿ ಎಂದರೆ ಮತ್ತೆ ಪ್ಲಾಸ್ಟಿಕ್ ಫೈಲೇ ಬರುತ್ತದೆ.

ಗುಂಪು ಪ್ರಾಜೆಕ್ಟ್ ಎಂಬ ಕಿಂಡಿಯನ್ನೂ ಕಿರಿದಾಗಿಸಬೇಕು. ಕಾರ್ಖಾನೆಗಳೇ ಇಲ್ಲದ ತಾಲ್ಲೂಕಿನ ಐಟಿಐಗೆ ಅದು ಅನಿವಾರ್ಯ ಎನ್ನುವುದು ಗೊತ್ತು. ಆದರೆ ಆ ಮಕ್ಕಳೇ ಮುಂದೆ ಕೆಲಸ ಹುಡುಕಿಕೊಂಡು ಪೀಣ್ಯಕ್ಕೋ ಹುಬ್ಬಳ್ಳಿಗೋ ಬೆಳಗಾವಿಗೋ ಬರುವುದು. ಓದುವಾಗಲೇ ಒಂದು ತಿಂಗಳು ಕರೆತಂದು, ರಜೆಯಲ್ಲಿ ಖಾಲಿ ಇರುವ ಸರ್ಕಾರಿ ವಿದ್ಯಾರ್ಥಿನಿಲಯಗಳಲ್ಲಿ ಇರಿಸಿದರೆ, ಶಹರದ ಭಯವೂ ಬಿಡುತ್ತದೆ, ಕೆಲಸದ ಭಯವೂ ಬಿಡುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಉಳಿಯಲು ಸರಿಯಾದ ಜಾಗ ಇಲ್ಲವೆಂದು ತಂದೆತಾಯಿ ಬೇಡ ಎಂದದ್ದರಿಂದ ಕೆಲಸ ಬಿಟ್ಟವರನ್ನು ನೋಡಿದ್ದೇನೆ.

ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಈಗಿನ ನಿಯಮದಂತೆ ಮೂವತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆಗಳು ತಮ್ಮ ಸಿಬ್ಬಂದಿ ಬಲದ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕೇಂದ್ರದ ಇಂಟರ್ನ್‌ಶಿಪ್ ಯೋಜನೆ ದೇಶದ 500 ಅಗ್ರ ಕಂಪನಿಗಳನ್ನು ನೆಚ್ಚಿಕೊಂಡಿದೆ. ಹದಿನಾಲ್ಕು ಜನರ ನನ್ನ ಶಾಪು ಇವೆರಡರ ಲೆಕ್ಕಕ್ಕೂ ಕಡ್ಡಾಯವಾಗಿ ಸಿಗುವುದಿಲ್ಲ. ಆದರೆ ಹುಡುಗರಿಗೆ ಮೊದಲ ಕೆಲಸ ಕೊಡುವವರು ಹೆಚ್ಚಾಗಿ ನಾವೇ. ಒಂದು ಅಡ್ಡರಸ್ತೆಯ ಹತ್ತು ಶಾಪುಗಳನ್ನು ಒಂದು ಗುಂಪೆಂದು ಪರಿಗಣಿಸಿ, ಹತ್ತಿರದ ಒಂದು ಐಟಿಐಯೊಂದಿಗೆ ಜೋಡಿಸಿ, ಹುಡುಗರ ಅಪಘಾತ ವಿಮೆಯ ಹೊಣೆಯನ್ನು ಇಲಾಖೆ ಹೊತ್ತರೆ, ಬಾಗಿಲು ಮುಚ್ಚಿಕೊಂಡವರಲ್ಲಿ ಅನೇಕರು ತೆರೆಯುತ್ತಾರೆ. ನಾವು ಬೇಡ ಎನ್ನುವುದು ದುರಾಸೆಯಿಂದಲ್ಲ, ಹೆಚ್ಚಾಗಿ ಆ ವಿಮೆಯ ಹೆದರಿಕೆಯಿಂದ.

ಬೋಧಕರಿಗೂ ವರ್ಷಕ್ಕೆ ಎರಡು ವಾರ ಶಾಪ್ ಫ್ಲೋರಿನ, ಅಂದರೆ ಮೆಷಿನ್‌ಗಳ ನಡುವಿನ, ಕೆಲಸದ ಅನುಭವ ಬೇಕು. ಪಠ್ಯಕ್ರಮ, ಅಖಿಲ ಭಾರತ ಪರೀಕ್ಷೆ ಇವೆಲ್ಲ ದೆಹಲಿಯ ಕೈಯಲ್ಲಿವೆ, ನಮ್ಮದೇನೂ ನಡೆಯುವುದಿಲ್ಲ ಎಂಬ ಉತ್ತರವನ್ನು ನಾನು ನಿರೀಕ್ಷಿಸಿದ್ದೇನೆ. ಆದರೆ ಆಂತರಿಕ ಮೌಲ್ಯಮಾಪನ ಐಟಿಐ ಸಂಸ್ಥೆಯ ಕೈಯಲ್ಲೇ ಇದೆ. ಅಳತೆಯ ಉಪಕರಣವನ್ನು ಒರೆಸಿ ಡಬ್ಬಿಗೆ ವಾಪಸು ಇಟ್ಟವನಿಗೆ, ತಪ್ಪಾದದ್ದನ್ನು ತಾನಾಗಿ ಬಂದು ಹೇಳಿದವನಿಗೆ ಅಲ್ಲಿ ಅಂಕ ಕೊಡಲು ದೆಹಲಿಯ ಅಪ್ಪಣೆ ಬೇಕಿಲ್ಲ.

ನನ್ನ ಸಹೋದ್ಯಮಿಗಳಿಗೂ ಇದೇ ಪತ್ರದಲ್ಲಿ ಒಂದು ಮಾತು. ಸ್ಕ್ರ್ಯಾಪ್ ದಂಡವನ್ನು ನಿಲ್ಲಿಸಿದ ಮೇಲೆ ನನ್ನಲ್ಲಿ ವರದಿಯಾಗುವ ಸ್ಕ್ರ್ಯಾಪ್ ಹೆಚ್ಚಾಯಿತು. ಮೊದಲ ತಿಂಗಳು ಎದೆ ಧಸಕ್ಕೆಂದಿತು. ಆಮೇಲೆ ಅರ್ಥವಾಯಿತು, ಹೆಚ್ಚಾದದ್ದು ಸ್ಕ್ರ್ಯಾಪ್ ಅಲ್ಲ, ನನಗೆ ಗೊತ್ತಾಗುವುದು ಹೆಚ್ಚಾಯಿತು. ಅಲ್ಲಿಂದೀಚೆಗೆ ಲಾಟ್ ವಾಪಸು ಬಂದಿಲ್ಲ.

ಮಾನ್ಯರೇ, ಬರಿಗೈಯಲ್ಲಿ ಕೇಳುತ್ತಿಲ್ಲ. ಹಳೆಯ ಲೇತಿನ ಪಕ್ಕ ಒಂದು ಬೆಂಚು, ಎರಡು ವೈಸ್ ಖಾಲಿ ಮಾಡಿಸಿದ್ದೇನೆ. ಒಂದು ಬಾರಿಗೆ ಇಬ್ಬರು, ಹತ್ತೊಂಬತ್ತು ದಿನ, ಬೆಳಿಗ್ಗೆ ಎಂಟೂವರೆಯಿಂದ. ಮಧ್ಯಾಹ್ನದ ಊಟ ನಮ್ಮವರ ಜೊತೆಯಲ್ಲೇ, ಬಸ್ಸಿನ ಖರ್ಚು ನನ್ನದು. ಮೊದಲ ಅವಕಾಶ, ಸಾಧ್ಯವಾದರೆ, ಆ ಇಪ್ಪತ್ತು ಜನರಿಗೆ. ಅವರು ಈಗ ಎರಡನೇ ವರ್ಷದಲ್ಲಿರಬೇಕು, ಮತ್ತೆ 150 ಗಂಟೆ ಬಾಕಿ ಇದೆ. ಬೋಧಕರಿಗೆ ಫೋನ್ ಮಾಡಿ ಹೇಳಿದ್ದೇನೆ. ಇಲಾಖೆಯಿಂದ ಲಿಖಿತ ಅನುಮತಿ ಬೇಕು ಎಂದರು. ಅದನ್ನು ದಯವಿಟ್ಟು ಬೇಗ ಕೊಡಿಸಿ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಸಣ್ಣ ಉದ್ಯಮಿ,
ಐಟಿಐ ಟರ್ನರ್, 1994ರ ತಂಡ